ಕಾಲೇಜಿಗೆ ಹೋಗುವ ಮಗ, ಮಗಳಿಗೆ ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರು: ಬೆಲೆ ಕೇಳುವ ಮೊದಲು ನೋಡಬೇಕಾದದ್ದು ಏನೇನು?

ಎಂಟು-ಹತ್ತು ವರ್ಷ ಓಡಿದ ಆಡಿ, ಬಿಎಂಡಬ್ಲ್ಯು ಅಥವಾ ಮರ್ಸಿಡಿಸ್ ಸೆಡಾನ್ ಇವತ್ತು ಹೊಸ ಕಾಂಪ್ಯಾಕ್ಟ್ ಎಸ್‌ಯುವಿಯ ಬೆಲೆಗೆ ಸಿಗುತ್ತಿದೆ. ಮುಂಬೈ, ಪುಣೆ, ದೆಹಲಿಯಂಥ ನಗರಗಳಲ್ಲಿ ಕಾಲೇಜು ಸೇರಿದ ಮಕ್ಕಳಿಗೆ ಇಂಥದ್ದೊಂದು ಕಾರು ಕೊಡಿಸುವ ಪೋಷಕರು ಸಾಮಾನ್ಯವಾಗಿ ಹೇಳುವ ಕಾರಣ ಒಂದೇ: 'ಬಾಡಿ ಗಟ್ಟಿ, ಏರ್‌ಬ್ಯಾಗ್ ಜಾಸ್ತಿ, ಮಗು ಸುರಕ್ಷಿತ.'

ಈ ಮಾತು ಅರ್ಧ ನಿಜ. ಅದೇ ಕಾರಿನ ಎಂಜಿನ್ ಶಕ್ತಿ, ತೂಕ ಮತ್ತು ರಿಪೇರಿ ಖರ್ಚು ಮಾತ್ರ ಬೆಲೆಯ ಜತೆ ಕೆಳಗಿಳಿಯುವುದಿಲ್ಲ. 60 ಲಕ್ಷದ ಕಾರು 12 ಲಕ್ಷಕ್ಕೆ ಬಂದರೂ ಅದರ ಬಿಡಿಭಾಗ 60 ಲಕ್ಷದ ಕಾರಿನದ್ದೇ. ಆಕ್ಸಿಲರೇಟರ್ ಒತ್ತಿದಾಗ ಅದು ಹೊರಡುವ ವೇಗವೂ ಅದೇ.

18 ತುಂಬದಿದ್ದರೆ ಮಾತೇ ಇಲ್ಲ

ಅಮೆರಿಕದ ಹಲವು ರಾಜ್ಯಗಳಲ್ಲಿ 16ರ ಹುಡುಗ ಕಾರು ಓಡಿಸಬಹುದು. ಇಲ್ಲಿ ಹಾಗಲ್ಲ. 1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಕಾರು ಓಡಿಸಲು 18 ವರ್ಷ ತುಂಬಿರಬೇಕು. 16ಕ್ಕೆ ಅವಕಾಶ ಇರುವುದು 50 ಸಿಸಿ ಮೀರದ ದ್ವಿಚಕ್ರ ವಾಹನಕ್ಕೆ ಮಾತ್ರ. ಹೀಗಾಗಿ ಭಾರತದಲ್ಲಿ 'ಹದಿಹರೆಯದ ಕಾರು ಚಾಲಕ' ಎಂದರೆ 18 ಮತ್ತು 19, ಎರಡೇ ವರ್ಷದ ಮಾತು.

2019ರ ತಿದ್ದುಪಡಿಯಲ್ಲಿ ಸೇರಿದ 199ಎ ಸೆಕ್ಷನ್ ಅನ್ನು ಪೋಷಕರು ಒಮ್ಮೆಯಾದರೂ ಓದಬೇಕು. ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು ಎಂದು ಕಾನೂನು ಭಾವಿಸುತ್ತದೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ತಮಗೆ ಗೊತ್ತಿಲ್ಲದೆ ನಡೆಯಿತು ಅಥವಾ ತಡೆಯಲು ಎಲ್ಲ ಎಚ್ಚರಿಕೆ ವಹಿಸಿದ್ದೆವು ಎಂದು ಸಾಬೀತು ಮಾಡುವ ಹೊಣೆ ಪೋಷಕರದ್ದೇ.

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ನಡೆದದ್ದು ಯಾರಿಗೂ ಮರೆತಿಲ್ಲ. 17 ವರ್ಷದ ಹುಡುಗ ಓಡಿಸುತ್ತಿದ್ದ ಎನ್ನಲಾದ ಪೋರ್ಷೆ ಟೈಕಾನ್ ಬೈಕ್‌ಗೆ ಗುದ್ದಿ ಇಬ್ಬರು ಯುವ ಎಂಜಿನಿಯರ್‌ಗಳು ಪ್ರಾಣ ಕಳೆದುಕೊಂಡರು. 300 ಪದಗಳ ಪ್ರಬಂಧ ಬರೆಯುವ ಷರತ್ತಿನ ಜಾಮೀನಿಗೆ ದೇಶವೇ ಸಿಟ್ಟಾಗಿತ್ತು. ಆ ಕಾರು ಬೆಂಗಳೂರಿನಿಂದ ತಾತ್ಕಾಲಿಕ ನೋಂದಣಿ ಮೇಲೆ ಬಂದಿತ್ತು, ಪುಣೆಯಲ್ಲಿ ಕೇವಲ 1,758 ರೂಪಾಯಿ ಶುಲ್ಕ ಕಟ್ಟದೆ ಕಾಯಂ ನೋಂದಣಿ ಬಾಕಿ ಉಳಿದಿತ್ತು ಎಂಬುದು ಆಮೇಲೆ ಹೊರಬಂತು. ಕೋಟಿ ಮೀರಿದ ಕಾರಿಗೆ!

18 ತುಂಬಿದ ಮೇಲೂ ಮೊದಲು ಎಲ್‌ಎಲ್‌ಆರ್, ಕನಿಷ್ಠ 30 ದಿನಗಳ ನಂತರ ಡಿಎಲ್ ಪರೀಕ್ಷೆ. ಎಲ್‌ಎಲ್‌ಆರ್ ಅವಧಿಯಲ್ಲಿ ಕಾರಿನ ಮುಂದೆ, ಹಿಂದೆ ಕೆಂಪು 'ಎಲ್' ಫಲಕ ಇರಬೇಕು. ಪಕ್ಕದ ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಕಾರು ಹುಡುಕುವ ಕೆಲಸ ಡಿಎಲ್ ಕೈಗೆ ಬಂದ ಮೇಲೆ ಶುರುವಾದರೆ ಸಾಕು.

ವ್ಯಾಗನ್ ಆರ್‌ನಲ್ಲಿ ಕಲಿತು 320ಡಿ ಹತ್ತಿದರೆ?

ಡ್ರೈವಿಂಗ್ ಸ್ಕೂಲ್‌ಗಳಲ್ಲಿ ಹೆಚ್ಚಾಗಿ ಇರುವುದು ಸಣ್ಣ ಹ್ಯಾಚ್‌ಬ್ಯಾಕ್. 1 ಲೀಟರ್ ಎಂಜಿನ್‌ನ ವ್ಯಾಗನ್ ಆರ್ ಎಂದಿಟ್ಟುಕೊಳ್ಳಿ. 67 ಎಚ್‌ಪಿ ಶಕ್ತಿ, ಎಂಟು-ಎಂಟೂವರೆ ನೂರು ಕೆಜಿ ತೂಕ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹುಡುಗರು ಮುಗಿಬೀಳುವ ಬಿಎಂಡಬ್ಲ್ಯು 320ಡಿ ನೋಡಿ. 190 ಎಚ್‌ಪಿ, 400 ಎನ್‌ಎಂ ಟಾರ್ಕ್, ಸುಮಾರು ಒಂದೂವರೆ ಟನ್ ತೂಕ, ಶೂನ್ಯದಿಂದ 100 ಕಿ.ಮೀ. ವೇಗಕ್ಕೆ ಏಳೂವರೆ ಸೆಕೆಂಡ್ ಒಳಗೆ. ಎರಡನ್ನೂ ಓಡಿಸಲು ಬೇಕಾದ ಲೈಸೆನ್ಸ್ ಒಂದೇ! ಜತೆಗೆ ಬಿಎಂಡಬ್ಲ್ಯು ಹಿಂದಿನ ಚಕ್ರದಿಂದ ಓಡುವ ಕಾರು. ಮಳೆಗಾಲದ ಒದ್ದೆ ರಸ್ತೆಯಲ್ಲಿ ತಿರುವಿನ ನಡುವೆ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಕಾರಿನ ಹಿಂಭಾಗ ಜಾರಲು ನೋಡುತ್ತದೆ. ಸ್ಥಿರತೆ ಕಾಪಾಡುವ ಇಎಸ್‌ಪಿ ವ್ಯವಸ್ಥೆ ಅದನ್ನು ಹಿಡಿದು ನಿಲ್ಲಿಸುತ್ತದೆ, ಆದರೆ ಅದಕ್ಕೂ ಮಿತಿ ಇದೆ.

ಐಷಾರಾಮಿ ಕಾರಿನ ಇನ್ನೊಂದು ಗುಣವೇ ಅಪಾಯ. ಒಳಗೆ ಕೂತವರಿಗೆ ವೇಗ ಗೊತ್ತಾಗುವುದಿಲ್ಲ. ಹಳೆಯ ಆಲ್ಟೊ 100 ದಾಟಿದರೆ ಸದ್ದಿನಲ್ಲೇ ಎಚ್ಚರಿಸುತ್ತದೆ. ಇ-ಕ್ಲಾಸ್‌ನಲ್ಲಿ 140 ಕೂಡ ತಣ್ಣಗಿರುತ್ತದೆ. ಅನುಭವ ಇರುವ ಚಾಲಕ ಮೀಟರ್ ನೋಡುವ ಅಭ್ಯಾಸ ಇಟ್ಟುಕೊಂಡಿರುತ್ತಾನೆ, ಹೊಸಬರಿಗೆ ಆ ಅಭ್ಯಾಸ ಬರಲು ಸಮಯ ಬೇಕು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿ ಪ್ರಕಾರ ಆ ವರ್ಷ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವುಗಳಲ್ಲಿ ಶೇ 71.2ರಷ್ಟು ಸಾವಿಗೆ ಅತಿವೇಗ ಕಾರಣ.

ಹೀಗಾಗಿ ಮೊದಲ ಸೋಸುವಿಕೆ ಬ್ರ್ಯಾಂಡ್ ಅಲ್ಲ, ಶಕ್ತಿ. 150 ಎಚ್‌ಪಿ ಒಳಗಿನ, ಮುಂದಿನ ಚಕ್ರದಿಂದ ಓಡುವ ಕಾರು ಹೊಸ ಚಾಲಕರಿಗೆ ಬೇಕಾದಷ್ಟಾಯಿತು. ಎಂ, ಎಎಂಜಿ, ಆರ್‌ಎಸ್ ಎಂಬ ಅಕ್ಷರ ಇರುವ ಯಾವುದೂ ಬೇಡ. ಆರು ಸಿಲಿಂಡರ್ ಬೇಡ. ಕ್ಯೂ7, ಎಕ್ಸ್5ನಂಥ ದೊಡ್ಡ ಎಸ್‌ಯುವಿಗಳೂ ಬೇಡ. ಅವು ಎರಡು ಟನ್ ಆಸುಪಾಸಿನವು. ಒಳಗಿದ್ದವರನ್ನು ಕಾಪಾಡಿದರೂ ಎದುರಿನ ಬೈಕ್ ಸವಾರನ ಗತಿ ಬೇರೆಯೇ.

ಮಾರುವವರು ಹೆಮ್ಮೆಯಿಂದ 'ಸ್ಟೇಜ್ 1 ಆಗಿದೆ' ಎಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಎಂಜಿನ್‌ನ ಕಂಪ್ಯೂಟರ್‌ಗೆ ಬೇರೆ ಸಾಫ್ಟ್‌ವೇರ್ ಹಾಕಿ ಶಕ್ತಿ ಏರಿಸಿದ್ದಾರೆ ಎಂದು ಅದರ ಅರ್ಥ. 320ಡಿ, ಎ4, ಆಕ್ಟೇವಿಯಾಗಳಲ್ಲಿ ಇದು ಮಾಮೂಲು. ಟರ್ಬೊ, ಗೇರ್‌ಬಾಕ್ಸ್ ಸವೆದಿರುತ್ತವೆ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಕ್ಲೇಮ್ ಹೊತ್ತಿಗೆ ತಕರಾರಾಗುತ್ತದೆ.

ಹಾಗಾದರೆ ಯಾವುದು ಆದೀತು?

ಮರ್ಸಿಡಿಸ್ ಎ-ಕ್ಲಾಸ್‌ನ ಎ180 ಡೀಸೆಲ್ 109 ಎಚ್‌ಪಿ, ಅದೇ ಹೆಸರಿನ ಪೆಟ್ರೋಲ್ 122 ಎಚ್‌ಪಿ. ಹೊಸ ಚಾಲಕರಿಗೆ ಹೇಳಿ ಮಾಡಿಸಿದಂತಿದೆ. ಸಿಎಲ್‌ಎ ಮತ್ತು ಜಿಎಲ್‌ಎಗಳ 200 ಸಿಡಿಐ ಡೀಸೆಲ್ 136 ಎಚ್‌ಪಿ. ಆದರೆ ಸಿಎಲ್‌ಎ ಪೆಟ್ರೋಲ್ 184 ಎಚ್‌ಪಿ, ಹೆಸರು ಒಂದೇ ಎಂದು ಮೋಸ ಹೋಗಬಾರದು. ಆಡಿ ಎ3 ಸೆಡಾನ್‌ನಲ್ಲಿ 2017ರ ನಂತರ ಬಂದ 1.4 ಲೀಟರ್ ಪೆಟ್ರೋಲ್ 150 ಎಚ್‌ಪಿ. ಎ-ಕ್ಲಾಸ್ ಮತ್ತು ಎ3 ಎರಡೂ 2012ರ ಯೂರೋ ಎನ್‌ಸಿಎಪಿ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದ ವಿನ್ಯಾಸಗಳು. ಆದರೆ ಆ ಸ್ಟಾರ್ ಯುರೋಪಿನಲ್ಲಿ ಮಾರಿದ ಕಾರಿನದ್ದು. ಇಲ್ಲಿಗೆ ಬಂದ ಮಾದರಿಯಲ್ಲಿ ಏರ್‌ಬ್ಯಾಗ್ ಎಷ್ಟಿವೆ, ತಾನೇ ಬ್ರೇಕ್ ಹಾಕುವಂಥ ಸೌಲಭ್ಯ ಇದೆಯೇ ಎಂಬುದನ್ನು ಆಯಾ ವೇರಿಯಂಟ್‌ನ ಬ್ರೋಷರ್ ತೆಗೆದು ನೋಡಬೇಕು.

ಬಜೆಟ್ ಸ್ವಲ್ಪ ಮೇಲೆ ಹೋಗುವುದಾದರೆ ವೋಲ್ವೊ ಎಕ್ಸ್‌ಸಿ40 ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಪೆಟ್ರೋಲ್ ಟಿ4 190 ಎಚ್‌ಪಿ, ಅಂದರೆ ಮೇಲೆ ಹೇಳಿದ ಮಿತಿ ದಾಟುತ್ತದೆ. ಆದರೆ ಇದು ಮುಂದಿನ ಚಕ್ರದಿಂದ ಓಡುವ ಕಾರು. ವೋಲ್ವೊ 2020ರಿಂದ ತನ್ನ ಎಲ್ಲ ಹೊಸ ಕಾರುಗಳ ಗರಿಷ್ಠ ವೇಗವನ್ನು 180 ಕಿ.ಮೀ.ಗೆ ಕಟ್ಟಿಹಾಕಿತು. 2021ರ ಮಾದರಿಗಳಿಂದ 'ಕೇರ್ ಕೀ' ಎಂಬ ಹೆಚ್ಚುವರಿ ಕೀಲಿಯನ್ನೂ ಕೊಡತೊಡಗಿತು. ಆ ಕೀಲಿಯಲ್ಲಿ ಓಡಿಸಿದರೆ ಕಾರು ಎಷ್ಟು ವೇಗ ದಾಟಬಾರದು ಎಂಬುದನ್ನು ಮನೆಯ ಹಿರಿಯರೇ ನಿಗದಿ ಮಾಡಬಹುದು. ಮನೆಯ ಕಿರಿಯ ಚಾಲಕರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ ಸೌಲಭ್ಯ ಇದು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಆ ಕೀಲಿ ಇದೆಯೇ ಎಂದು ಕೇಳಿ ಪಡೆಯಬೇಕು. ಅಂದಹಾಗೆ ಭಾರತದಲ್ಲಿ ವೋಲ್ವೊ ಕಾರುಗಳ ಜೋಡಣೆ ನಡೆಯುವುದು ಬೆಂಗಳೂರು ಪಕ್ಕದ ಹೊಸಕೋಟೆಯಲ್ಲಿ.

ಇದೇ ದುಡ್ಡಿಗೆ ಏನು ಸಿಗುತ್ತದೆ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. 115 ಎಚ್‌ಪಿಯ 1 ಲೀಟರ್ ಪೆಟ್ರೋಲ್ ಎಂಜಿನ್ ಇರುವ ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾಗಳು 2023ರಲ್ಲಿ ಗ್ಲೋಬಲ್ ಎನ್‌ಸಿಎಪಿಯಲ್ಲಿ ಐದು ಸ್ಟಾರ್ ಪಡೆದವು. ಎರಡು-ಮೂರು ವರ್ಷ ಹಳೆಯ ವರ್ಟಸ್, ಹತ್ತು ವರ್ಷ ಹಳೆಯ ಜರ್ಮನ್ ಸೆಡಾನ್‌ಗಿಂತ ಬಹುತೇಕ ಎಲ್ಲ ಲೆಕ್ಕದಲ್ಲೂ ಜಾಣ ಆಯ್ಕೆ. ಲಾಂಛನವೇ ಬೇಕು ಎನ್ನುವವರಿಗೆ ಮಾತ್ರ ಮುಂದಿನ ಭಾಗ.

ಡೀಸೆಲ್ಲೋ, ಪೆಟ್ರೋಲೋ?

ಮನೆಯಿಂದ ಕಾಲೇಜಿಗೆ ಐದಾರು ಕಿಲೋಮೀಟರ್ ಹೋಗಿ ಬರುವುದೇ ಹೆಚ್ಚಿನ ಓಡಾಟವಾದರೆ ಪೆಟ್ರೋಲ್. ಈಚಿನ ಡೀಸೆಲ್ ಕಾರುಗಳ ಸೈಲೆನ್ಸರ್ ಪೈಪ್‌ನಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಹೈವೇಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದರೆ ಬಿಸಿಗೆ ಮಸಿ ಸುಟ್ಟು ಅದು ತಾನೇ ಶುಚಿಯಾಗುತ್ತದೆ. ಟ್ರಾಫಿಕ್‌ನಲ್ಲಿ ತೆವಳುವ ಕಾರಿಗೆ ಆ ಅವಕಾಶವೇ ಸಿಗುವುದಿಲ್ಲ. ಫಿಲ್ಟರ್ ಕಟ್ಟಿಕೊಂಡರೆ ಕಾರು ಶಕ್ತಿ ಕಳೆದುಕೊಳ್ಳುತ್ತದೆ, ಬದಲಿಸಬೇಕಾಗಿ ಬಂದರೆ ಬಿಲ್ ದೊಡ್ಡದು.

ದೆಹಲಿ ಎನ್‌ಸಿಆರ್‌ನಲ್ಲಿ ಇನ್ನೂ ಒಂದು ತೊಡಕು. ಹತ್ತು ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. 2025ರ ಆಗಸ್ಟ್‌ನಲ್ಲಿ ವಯಸ್ಸೊಂದನ್ನೇ ನೋಡಿ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದಕ್ಕಿಂತ ಹೊಸ ವಾಹನಗಳಿಗೆ ಸೀಮಿತಗೊಳಿಸಿತು. ಹೀಗೆ ತೂಗುಯ್ಯಾಲೆಯಲ್ಲಿರುವ ಕಾರಣಕ್ಕೇ ದೆಹಲಿಯ ಡೀಸೆಲ್ ಐಷಾರಾಮಿ ಕಾರುಗಳು ಅಗ್ಗಕ್ಕೆ ಬೇರೆ ರಾಜ್ಯಗಳ ಮಾರುಕಟ್ಟೆಗೆ ಬರುತ್ತವೆ.

ಕಾರು ನೋಡಲು ಹೋದಾಗ

ಈ ಕಾರುಗಳಲ್ಲಿ ಕೆಲವು ಪರಿಚಿತ ರೋಗಗಳಿವೆ. 2007ರಿಂದ ಸುಮಾರು 2014ರವರೆಗಿನ ಬಿಎಂಡಬ್ಲ್ಯು 2 ಲೀಟರ್ ಡೀಸೆಲ್‌ಗಳಲ್ಲಿದ್ದ ಎನ್47 ಎಂಜಿನ್‌ನ ಟೈಮಿಂಗ್ ಚೈನ್ ತೊಂದರೆ ಕುಖ್ಯಾತ. ಚೈನ್ ಇರುವುದು ಎಂಜಿನ್‌ನ ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕಡೆಗೆ. ಹಾಗಾಗಿ ಅದನ್ನು ಬದಲಿಸುವುದು ದುಬಾರಿ ಕೆಲಸ. ಆಡಿ, ಸ್ಕೋಡಾ, ಫೋಕ್ಸ್‌ವ್ಯಾಗನ್‌ನ ಸಣ್ಣ ಪೆಟ್ರೋಲ್ ಕಾರುಗಳ ಏಳು ಗೇರ್‌ನ ಡ್ರೈ ಕ್ಲಚ್ ಡಿಎಸ್‌ಜಿಯಲ್ಲಿ ಮೆಕಾಟ್ರಾನಿಕ್ ಎಂಬ ಭಾಗ ಕೈಕೊಡುವುದುಂಟು. ಮೇಲೆ ಹೇಳಿದ ಎ3 ಪೆಟ್ರೋಲ್‌ನಲ್ಲೂ ಇದೇ ಮಾದರಿ ಗೇರ್‌ಬಾಕ್ಸ್. ನಿಧಾನ ಟ್ರಾಫಿಕ್‌ನಲ್ಲಿ ಅರ್ಧ ಗಂಟೆಯಾದರೂ ಓಡಿಸಿ, ಒಂದರಿಂದ ಎರಡನೇ ಗೇರ್‌ಗೆ ಹೋಗುವಾಗ ಜರ್ಕ್ ಇದೆಯೇ ನೋಡಿ. ಏರ್ ಸಸ್ಪೆನ್ಷನ್ ಇರುವ ಹಳೆಯ ಕಾರು ರಾತ್ರಿ ನಿಲ್ಲಿಸಿ ಬೆಳಗ್ಗೆ ನೋಡಿದರೆ ಒಂದು ಮೂಲೆ ತಗ್ಗಿರುತ್ತದೆ. ಅಂಥದ್ದನ್ನು ಮುಟ್ಟಬೇಡಿ.

ಏರ್‌ಬ್ಯಾಗ್ ವಿಷಯವನ್ನೂ ಹಗುರವಾಗಿ ಬಿಡುವಂತಿಲ್ಲ. ಜಪಾನ್‌ನ ಟಕಾಟಾ ಕಂಪನಿಯ ದೋಷಪೂರಿತ ಏರ್‌ಬ್ಯಾಗ್‌ಗಳನ್ನು ಬದಲಿಸಲು ವಿಶ್ವದಾದ್ಯಂತ ಹಲವು ಕಂಪನಿಗಳು ಕಾರು ವಾಪಸ್ ಕರೆಸಿದ್ದವು, ಐಷಾರಾಮಿ ಬ್ರ್ಯಾಂಡ್‌ಗಳೂ ಅದರಲ್ಲಿದ್ದವು. ಚಾಸಿಸ್ ನಂಬರ್ ಕೊಟ್ಟು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ರೀಕಾಲ್ ಕೆಲಸ ಬಾಕಿ ಇದೆಯೇ ಕೇಳಿ. ಅಪಘಾತದಲ್ಲಿ ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗ್ ಹಾಕಿಸದೆ ಬರೀ ಕವರ್ ಮುಚ್ಚಿ ಮಾರುವವರೂ ಇದ್ದಾರೆ. ಕಾರು ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡ್‌ನಲ್ಲಿ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತದೇ ಇದ್ದರೂ ಅನುಮಾನ, ಆರದೇ ಇದ್ದರೂ ಅನುಮಾನ.

ಇನ್ನು ನೀರಿನ ಕಾರುಗಳು. 2015ರ ಡಿಸೆಂಬರ್‌ನಲ್ಲಿ ಚೆನ್ನೈ ಮುಳುಗಿತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಶ್ರೀಮಂತ ಬಡಾವಣೆಗಳಲ್ಲಿ ನೀರಲ್ಲಿ ಮುಳುಗಿ ನಿಂತ ದುಬಾರಿ ಕಾರುಗಳ ಚಿತ್ರ ಎಲ್ಲೆಡೆ ಹರಿದಾಡಿತ್ತು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತಕ್ಕೆ ಮತ್ತೆ ಚೆನ್ನೈ. ಇಂಥ ಕಾರುಗಳನ್ನು ತೊಳೆದು, ಪಾಲಿಷ್ ಮಾಡಿ ದೂರದ ಊರಿನಲ್ಲಿ ಮಾರುವುದು ಹಳೆಯ ದಂಧೆ. ಪತ್ತೆ ಹಚ್ಚುವುದು ಕಷ್ಟವಿಲ್ಲ. ಸೀಟ್ ಬೆಲ್ಟ್ ಅನ್ನು ತುದಿಯವರೆಗೂ ಎಳೆಯಿರಿ, ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಗೊತ್ತಾಗುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಕೆಳಗೆ ನೋಡಿ. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು, ಕಾರ್ಪೆಟ್ ಅಡಿಯಲ್ಲಿ ಮುಗ್ಗಲು ವಾಸನೆ, ಹತ್ತು ವರ್ಷ ಹಳೆಯ ಕಾರಿನಲ್ಲಿ ಹೊಚ್ಚ ಹೊಸ ಕಾರ್ಪೆಟ್, ಇವೆಲ್ಲ ಸುಳಿವು. ಐಷಾರಾಮಿ ಕಾರಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಸೀಟಿನ ಕೆಳಗೆ, ಡಿಕ್ಕಿಯ ಅಂಚಿನಲ್ಲಿ ಇರುತ್ತವೆ. ಒಮ್ಮೆ ನೀರು ಕುಡಿದರೆ ಎರಡು ವರ್ಷದ ಮೇಲೂ ಕೈಕೊಡಬಹುದು. ಏರ್‌ಬ್ಯಾಗ್ ನಿಯಂತ್ರಿಸುವ ಪೆಟ್ಟಿಗೆಯೂ ಇವುಗಳಲ್ಲಿ ಒಂದು ಎಂಬುದು ನೆನಪಿರಲಿ.

ಮರ್ಸಿಡಿಸ್‌ನ ಸರ್ಟಿಫೈಡ್, ಬಿಎಂಡಬ್ಲ್ಯು ಪ್ರೀಮಿಯಂ ಸೆಲೆಕ್ಷನ್, ಆಡಿ ಅಪ್ರೂವ್ಡ್ ಪ್ಲಸ್ ಹೆಸರಿನಲ್ಲಿ ಕಂಪನಿಗಳೇ ಪರೀಕ್ಷಿಸಿ ವಾರಂಟಿ ಕೊಟ್ಟು ಮಾರುತ್ತವೆ. ಬೆಲೆ ಹೆಚ್ಚು. ಆದರೂ ಮೊದಲ ಸಲ ಇಂಥ ಕಾರು ಕೊಳ್ಳುವವರಿಗೆ ಆ ಹೆಚ್ಚಿನ ದುಡ್ಡು ದಂಡವಲ್ಲ. ಹೊರಗೆ ಕೊಳ್ಳುವುದಾದರೆ ಸರ್ವಿಸ್ ಹಿಸ್ಟರಿಯನ್ನು ಮಾರುವವರ ಕೈಯಿಂದ ಪಡೆಯದೆ ನೇರವಾಗಿ ಅಧಿಕೃತ ಸರ್ವಿಸ್ ಸೆಂಟರ್‌ನಿಂದ ಕೇಳಿ, ಮೀಟರ್ ತಿದ್ದಿದ್ದರೆ ಅಲ್ಲಿ ಬಯಲಾಗುತ್ತದೆ. ಖರೀದಿ ಬೆಲೆಯ ಐದನೇ ಒಂದು ಭಾಗದಷ್ಟನ್ನು ಮೊದಲ ವರ್ಷದ ರಿಪೇರಿಗೆ ಎತ್ತಿಡಲು ಆಗದಿದ್ದರೆ ಆ ಕಾರು ನಿಮ್ಮ ಬಜೆಟ್‌ನಲ್ಲಿಲ್ಲ. ಇದು ಬರೀ ದುಡ್ಡಿನ ಮಾತಲ್ಲ. ಟೈರ್, ಬ್ರೇಕ್ ಪ್ಯಾಡ್ ದುಬಾರಿ ಎಂದು ಸವೆದ ಮೇಲೂ ಓಡಿಸುವುದು ಇಂಥ ಮನೆಗಳಲ್ಲೇ.

ಬೆಲೆ ಚೌಕಾಸಿಗೆ ಒಂದು ಅಂಶ: 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ತೆರಿಗೆ ಸೆಸ್ ಸೇರಿ ಶೇ 45-50 ಇದ್ದದ್ದು ಶೇ 40ಕ್ಕೆ ಇಳಿದಿದೆ. ಹೊಸ ಕಾರಿನ ಬೆಲೆ ಇಳಿದ ಮೇಲೆ ಹಳೆಯ ಕಾರಿಗೆ ಹಿಂದಿನ ಬೆಲೆ ಹೇಳುವುದು ಸರಿಯಲ್ಲ.

ಬೇರೆ ರಾಜ್ಯದ ನಂಬರ್ ಪ್ಲೇಟ್

ಹೊರನಾಡ ಕನ್ನಡಿಗರಿಗೆ ಇದು ವಿಶೇಷವಾಗಿ ಮುಖ್ಯ. ಮುಂಬೈಯಲ್ಲೋ ದೆಹಲಿಯಲ್ಲೋ ಕೊಂಡು, ಮಗ ಬೆಂಗಳೂರು ಅಥವಾ ಮಣಿಪಾಲದಲ್ಲಿ ಓದುತ್ತಾನೆ ಎಂದು ಅಲ್ಲಿಗೆ ಕಾರು ಕಳಿಸುವವರು ಹಲವರು. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನ 12 ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿದ್ದರೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ಮೂಲ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಹೊಸ ರಾಜ್ಯದ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ದೇಶದಲ್ಲೇ ಹೆಚ್ಚಿನ ಪಟ್ಟಿಯಲ್ಲಿದೆ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ತೆರಿಗೆ ಕಟ್ಟದ ಹೊರರಾಜ್ಯ ನೋಂದಣಿಯ ಐಷಾರಾಮಿ ಕಾರುಗಳನ್ನು ಹುಡುಕಿ ವಶಪಡಿಸಿಕೊಂಡಿತ್ತು. 'ಅಗ್ಗಕ್ಕೆ ಸಿಕ್ಕಿತು' ಎನ್ನುವ ಮೊದಲು ಈ ಮೊತ್ತವನ್ನೂ ಕೂಡಿಸಿ ನೋಡಿ. ಬ್ಯಾಂಕ್ ಸಾಲ ಇದ್ದ ಕಾರಾದರೆ ಆರ್‌ಸಿಯಿಂದ ಸಾಲದ ಉಲ್ಲೇಖ ತೆಗೆಸಲು ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ ಬೇಕು.

ವಿಮೆಯಲ್ಲಿ ಕಣ್ತಪ್ಪುವ ಅಂಶ

1,500 ಸಿಸಿ ಮೀರಿದ ಕಾರಿಗೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 7,897 ರೂಪಾಯಿ. ಅದು ದೊಡ್ಡ ಮಾತಲ್ಲ. ಸ್ವಂತ ಹಾನಿಯ ವಿಮೆಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ 50ರಷ್ಟು ಸವಕಳಿ ಕಡಿತ ಮಾಡುತ್ತಾರೆ. ಹತ್ತು ವರ್ಷ ಮೀರಿದ ಕಾರಿನ ಲೋಹದ ಭಾಗಗಳಿಗೂ ಶೇ 50. ಈ ಕಡಿತ ತಪ್ಪಿಸುವ 'ಝೀರೊ ಡೆಪ್' ಇಷ್ಟು ಹಳೆಯ ಕಾರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಹೊಸ ಚಾಲಕರು ಮೊದಲ ವರ್ಷ ಬಂಪರ್, ಹೆಡ್‌ಲ್ಯಾಂಪ್ ಒಡೆದುಕೊಳ್ಳುವುದು ಸಹಜ. ಎಲ್‌ಇಡಿ ಹೆಡ್‌ಲ್ಯಾಂಪ್ ಒಂದರ ಬೆಲೆಯೇ ಲಕ್ಷ ದಾಟಬಹುದು.

ಇದಕ್ಕಿಂತ ಮುಖ್ಯವಾದದ್ದು ಬಹುತೇಕರಿಗೆ ಗೊತ್ತಿಲ್ಲ. ಪಾಲಿಸಿಯಲ್ಲಿ ಬರುವ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಮಾಲೀಕ-ಚಾಲಕನಿಗೆ ಮಾತ್ರ. ಅಂದರೆ ಕಾರು ತಂದೆಯ ಹೆಸರಲ್ಲಿದ್ದು ಮಗಳು ಓಡಿಸುವಾಗ ಅಪಘಾತವಾದರೆ ಆ ರಕ್ಷಣೆ ಮಗಳಿಗೆ ಅನ್ವಯಿಸುವುದಿಲ್ಲ. ಅವಳ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ಪಾಲಿಸಿ ಮಾಡಿಸಬೇಕು. ಖರ್ಚು ಕಡಿಮೆ.

ಮೊದಲ ಆರು ತಿಂಗಳು

ಗೆಳೆಯರ ಗುಂಪು ತುಂಬಿಕೊಂಡಾಗ, ಅದರಲ್ಲೂ ರಾತ್ರಿ, ಹದಿಹರೆಯದ ಚಾಲಕರ ಅಪಾಯ ಹೆಚ್ಚುತ್ತದೆ ಎಂಬುದು ಹಲವು ದೇಶಗಳ ಅನುಭವ. ಹೊಸಬರಿಗೆ ರಾತ್ರಿ ಚಾಲನೆ, ಸಹಪ್ರಯಾಣಿಕರ ಸಂಖ್ಯೆ ಮೇಲೆ ಅಲ್ಲಿ ಕಾನೂನೇ ಮಿತಿ ಹಾಕಿದೆ. ಇಲ್ಲಿ ಅಂಥ ಕಾನೂನಿಲ್ಲ, ಮನೆಯವರೇ ಹಾಕಬೇಕು. ಮೊದಲ ತಿಂಗಳುಗಳಲ್ಲಿ ಅಪ್ಪನೋ ಅಮ್ಮನೋ ಪಕ್ಕದಲ್ಲಿ ಕೂರಲಿ. ಮಳೆಯಲ್ಲಿ, ಕತ್ತಲಲ್ಲಿ, ಘಾಟಿಯಲ್ಲಿ ಒಂದೊಂದು ಸಲವಾದರೂ ಜತೆಗೇ ಓಡಿಸಿ ನೋಡಿ. ಸ್ಪೋರ್ಟ್ ಮೋಡ್ ಮತ್ತು ಇಎಸ್‌ಪಿ ಆಫ್ ಮಾಡುವ ಬಟನ್ ಮುಟ್ಟುವಂತಿಲ್ಲ ಎಂದು ಮೊದಲೇ ಹೇಳಿ. ಬಹುತೇಕ ಜರ್ಮನ್ ಕಾರುಗಳ ಮೆನುವಿನಲ್ಲಿ ವೇಗದ ಎಚ್ಚರಿಕೆ ಇರುತ್ತದೆ, 80ಕ್ಕೆ ಇಟ್ಟುಬಿಡಿ.

ಹಿಂದಿನ ಸೀಟಿನಲ್ಲಿ ಕೂತವರೂ ಬೆಲ್ಟ್ ಹಾಕಿದ ಮೇಲೇ ಕಾರು ಹೊರಡಬೇಕು. 2022ರ ಸೆಪ್ಟೆಂಬರ್ 4ರಂದು ಮುಂಬೈ-ಅಹಮದಾಬಾದ್ ಹೆದ್ದಾರಿಯ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಮೃತಪಟ್ಟದ್ದು ಮರ್ಸಿಡಿಸ್ ಜಿಎಲ್‌ಸಿಯಲ್ಲಿ. ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು, ಆ ಇಬ್ಬರೂ ಉಳಿಯಲಿಲ್ಲ. ಮುಂದೆ ಕೂತಿದ್ದ ಇಬ್ಬರು ಗಾಯಗೊಂಡು ಬದುಕಿದರು. ಅದೇ ವರ್ಷ ದೇಶದಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ.

ವ್ಯವಹಾರ ಮುಗಿದ ದಿನವೇ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಳ್ಳಿ, ಪರಿವಾಹನ್ ತಾಣದಲ್ಲಿ ಬಾಕಿ ಇ-ಚಲನ್ ಇದೆಯೇ ನೋಡಿ. ಹಳೆಯ ಮಾಲೀಕರ ಫಾಸ್ಟ್ಯಾಗ್ ತೆಗೆಸಿ ಹೊಸದು ಅಂಟಿಸಿ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಇರುವುದು 14 ದಿನ. ಮಾರಿದವರ ನೋ ಕ್ಲೇಮ್ ಬೋನಸ್ ಕಾರಿನ ಜತೆ ನಿಮಗೆ ಬರುವುದಿಲ್ಲ, ಅದರ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ. ಪಾಲಿಸಿ ಹೆಸರು ಬದಲಾಗುವವರೆಗೂ ಕೀಲಿ ದೊಡ್ಡವರ ಹತ್ತಿರವೇ ಇರಲಿ.